ಜ್ವರ ಬಂದ ಮೊಸಳೆ

ನನ್ನ ಅವ್ವನಿಗೆ,

ನೀನು ಹೋಗಿ ಆರು ವರ್ಷವಾದ ಮೇಲೆ ಒಂದು ತಪ್ಪೊಪ್ಪಿಗೆ ಬರೆಯಲು ಕೂತಿದ್ದೇನೆ. ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅಳಿಯ ಸ್ಯಾಮುವೆಲ್ ಬೊರಿವಲಿಯಿಂದ ಎಂದಿನ ಲೋಕಲ್ ಹಿಡಿದು ಆಫೀಸಿಗೆ ಹೋದರು, ಮೊಮ್ಮಗಳು ಎಸ್ತೇರ್ ಶಾಲೆಯಲ್ಲಿದ್ದಾಳೆ, ನಾನು ಕುಕ್ಕರಿನ ಮೂರನೆಯ ಸೀಟಿಗೆ ಕಾಯುತ್ತಿದ್ದೇನೆ. ಇಷ್ಟು ನೆಮ್ಮದಿಯಾಗಿರುವಾಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮತ್ತೆ ಮುಂದೂಡುತ್ತೇನೆ.

ಮಲಾಡಿನ ಚಾಳಿನ ಗ್ಯಾಲರಿ ನೆನಪಿದೆಯೇ? ನೀನು ಗೋಡೆಗೊರಗಿ ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ನಾನು ಸ್ಟೇಷನ್ ಹತ್ತಿರದ ಲೈಬ್ರರಿಯಿಂದ ತಂದ ಇಂಗ್ಲಿಷ್ ಕಥೆಪುಸ್ತಕ ಹಿಡಿದು ಎದುರಿಗೆ ಕೂರುತ್ತಿದ್ದೆ. ಆಗ ನಾನು ಆರನೆಯ ಕ್ಲಾಸು. ಬೆಟಗೇರಿಯಿಂದ ಬಂದ ನಿನಗೆ ಇಂಗ್ಲಿಷ್ ಬಾರದು. ಹಾಗೆಂದು ಕ್ರೈಸ್ತರ ಮನೆಯ ಹುಡುಗಿ ಏನು ಓದುತ್ತಾಳೆಂದು ತಿಳಿಯದೆ ಬಿಡುವವಳೂ ನೀನಲ್ಲ. "ಮೊದಲ ನನಗ ಕನ್ನಡದಾಗ ಹೇಳು. ಆಮ್ಯಾಲೆ ಓದೂದೋ ಬ್ಯಾಡೋ ನೋಡೂಣು" ಅಂದೆ. ಕೋರ್ಟು ನಿನ್ನದೇ, ಅವ್ವಾ. ಆದರೆ ಇದ್ದ ಒಬ್ಬಳೇ ದುಭಾಷಿ ಆರೋಪಿಯೇ ಆಗಿದ್ದಳಲ್ಲ!

ಆ ಪುಸ್ತಕದ ಮೊದಲ ಪುಟದಲ್ಲೇ ಡ್ರ್ಯಾಗನ್ ಇತ್ತು. ಕನ್ನಡದಲ್ಲಿ ಘಟಸರ್ಪ ಅನ್ನಬೇಕೆಂದು ನನಗೆ ಗೊತ್ತಿತ್ತು. ಆದರೆ ನಮ್ಮ ಚರ್ಚಿನ ಸಭೆಯಲ್ಲಿ ಘಟಸರ್ಪ ಎಂದರೆ ಬೈಬಲಿನ ಸೈತಾನ, ಎರಡನೆಯ ಮಾತಿಲ್ಲ. ಆ ಶಬ್ದ ಬಾಯಿಂದ ಬಿದ್ದಿದ್ದರೆ ಪುಸ್ತಕ ಅದೇ ಸಂಜೆ ವಾಪಸ್ ಹೋಗುತ್ತಿತ್ತು. "ಒಂದು ಮೊಸಳಿ ಇತ್ತವ್ವಾ" ಅಂದುಬಿಟ್ಟೆ. ಅಲ್ಲಿಂದ ಶುರುವಾಯಿತು ನನ್ನ ಪಜೀತಿ. ಅದರ ಬಾಯಿಂದ ಬೆಂಕಿ ಬರುತ್ತಿತ್ತು, ನಾನು ಜ್ವರ ಬರಿಸಿದೆ. ಅದು ಹಾರುತ್ತಿತ್ತು, ನಾನು ಈಜಿಸಿದೆ. ರೆಕ್ಕೆ ಮುರಿದು ಬೆಟ್ಟದ ಮೇಲೆ ಬಿದ್ದಾಗ ಕಾಲು ಮುರಿಯಿತು ಅಂದೆ. ಮಂತ್ರವಾದಿ ಮುದುಕ ಡಾಕ್ಟರನಾದ, ಅವನ ಮಂತ್ರಗಳೆಲ್ಲ ಗುಳಿಗೆಗಳಾದವು. ಆ ಪ್ರಾಣಿಗೆ ದಿನಾ ಮನೆಯಿಂದ ರೊಟ್ಟಿ ಒಯ್ದು ಕೊಡುವ ಹುಡುಗಿಯನ್ನು ಮಾತ್ರ ಇದ್ದ ಹಾಗೆಯೇ ಉಳಿಸಿದೆ.

"ಪಾಪ, ಮೊಸಳಿಗೂ ಜ್ವರ ಬರ್ತಾವೇನು!" ಎಂದು ನೀನು ಸೊಪ್ಪು ಬಿಟ್ಟು ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ದಿನ ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ, ಅಪ್ಪನ ಕೆಲಸಕ್ಕೂ ನನ್ನ ಪರೀಕ್ಷೆಗೂ ನಡುವೆ, "ಆ ಮೊಸಳಿಗೂ ಗುಣ ಕೊಡು ಕರ್ತನೇ" ಎಂದು ಸೇರಿಸಿದೆಯಲ್ಲ! ನಾನು ಕಣ್ಣು ಮುಚ್ಚಿಕೊಂಡೇ ಬೆವತೆ. ಪ್ರತಿ ಅಧ್ಯಾಯ ಮುಗಿದ ಮೇಲೂ ನಿನ್ನದು ಒಂದೇ ಪ್ರಶ್ನೆ. "ಆ ಹುಡುಗಿ ಸುಳ್ಳು ಹೇಳ್ತಾಳೇನು?" "ಇಲ್ಲವ್ವಾ." "ಹಂಗಾದ್ರ ಓದು." ನಾಲ್ಕನೆಯ ಅಧ್ಯಾಯದಲ್ಲಿ ಅವಳು ಹೆತ್ತ ತಾಯಿಗೇ ಸುಳ್ಳು ಹೇಳಿದ್ದಳು, ಅವ್ವಾ. ರೊಟ್ಟಿ ಎಲ್ಲಿ ಅಂದರೆ ನಾಯಿ ತಿಂದಿತು ಅಂದಿದ್ದಳು. ಅದನ್ನೂ ನಾನು ನುಂಗಿಬಿಟ್ಟೆ.

ಆ ಕಥೆ ಮೂರು ಭಾಗಗಳಲ್ಲಿತ್ತು. ಎರಡನೆಯ ಭಾಗ ಮುಗಿದ ಮೇಲೆ ಮೂರನೆಯದು ಆ ಲೈಬ್ರರಿಗೆ ಬರಲೇ ಇಲ್ಲ. ನಾನು ಹತ್ತನೆಯ ಕ್ಲಾಸಿಗೆ ಬಂದೆ, ಕಾಲೇಜು, ಮದುವೆ... ನೀನು ಮಾತ್ರ ಮರೆಯಲಿಲ್ಲ. ಹಾಸಿಗೆ ಹಿಡಿದ ಕೊನೆಯ ತಿಂಗಳಲ್ಲೂ ನನ್ನ ಕೈ ಹಿಡಿದು, "ಆ ಮೊಸಳಿದು ಕಡೀಕ ಏನಾತವಾ?" ಅಂದೆ. "ಗುಣ ಆತವ್ವಾ" ಅಂದೆ ನಾನು. ಓದಿಯೇ ಇರಲಿಲ್ಲ. ನೀನು ಎಷ್ಟು ಸಮಾಧಾನದಿಂದ ನಕ್ಕೆಯೆಂದರೆ...

ಕಳೆದ ತಿಂಗಳು ಸಭೆಯಲ್ಲಿ ತಂದೆತಾಯಿಗಳ ಕೂಟವಿತ್ತು. ಮಕ್ಕಳ ಪುಸ್ತಕಗಳಲ್ಲಿ ಮಾಟಮಂತ್ರ ಎಷ್ಟಿದೆ ಎಂದು ಯಾರೋ ಮಾತಾಡಿದರು. ಸ್ಯಾಮುವೆಲ್ ಮನೆಗೆ ಬಂದವರೇ ಎಸ್ತೇರ್ ಓದುತ್ತಿದ್ದ ದಪ್ಪ ಪುಸ್ತಕವನ್ನು ಕಪಾಟಿನ ಮೇಲಿಟ್ಟರು. "ಹುಡುಗಿ ತಲ್ಯಾಗ ಏನ್ ಹೋಗ್ತದ ಅಂತ ನಾವ್ ನೋಡ್ದ ಇನ್ಯಾರ್ ನೋಡ್ಬೇಕು? ನಾವಿಬ್ರೂ ಕೂತು ವಿಚಾರ ಮಾಡೂಣು." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪುಸ್ತಕದ ಬೆನ್ನು ನೋಡಿದಾಗ ನನಗೆ ಗುರುತು ಸಿಕ್ಕಿತು. ಅದೇ ಕಥೆ ಅವ್ವಾ, ಹೊಸ ಮುದ್ರಣ, ಮೂರು ಭಾಗವೂ ಒಂದೇ ರಟ್ಟಿನೊಳಗೆ. ನಾನೂ ಇದನ್ನು ಓದಿದ್ದೆನೆಂದು ಹೇಳಲಿಲ್ಲ. ಹನ್ನೊಂದು ವರ್ಷದ ಎಸ್ತೇರ್ ಎರಡು ದಿನ ನಮ್ಮಿಬ್ಬರ ಜೊತೆ ಮಾತು ಬಿಟ್ಟಳು.

ಮುಂದಿನ ಭಾನುವಾರ ನಿನ್ನ ಗೆಳತಿ ಮಾರ್ತಾ ಆಂಟಿ ಸಂಡೇ ಸ್ಕೂಲಿನಲ್ಲಿ ಕಥೆ ಹೇಳಿದರಂತೆ. ಯಾವುದು ಗೊತ್ತೇ? ನಿನ್ನ ಮೊಸಳೆಯದು! ನೀನು ಸ್ತ್ರೀಯರ ಕೂಟದಲ್ಲಿ ಅದನ್ನು ದಯೆಗೆ ಸಾಕ್ಷಿಯಾಗಿ ಹೇಳಿದ್ದೆಯಂತೆ. ಅಂದಿನಿಂದ ಅವರು ಪ್ರತಿ ವರ್ಷ ತಮ್ಮ ಕ್ಲಾಸಿಗೆ ಬರುವ ಹೊಸ ಮಕ್ಕಳಿಗೆ ಅದನ್ನೇ ಹೇಳುತ್ತಾರಂತೆ. ಎಸ್ತೇರ್ ಚಪ್ಪಲಿ ಬಿಡುವ ಮೊದಲೇ ಕೂಗಿದಳು. "ಮಮ್ಮಿ, ಅಜ್ಜೀದು ಕ್ರೊಕೊಡೈಲ್ ಇದೆ ನಾ, ಅದು ನನ್ನ ಡ್ರ್ಯಾಗನ್! ಸೇಮ್ ಸ್ಟೋರಿ, ರೊಟ್ಟಿ ಭೀ ಸೇಮ್! ಅಜ್ಜಿಗೆ ಯಾರು ರಾಂಗ್ ಹೇಳಿದ್ರು?"

ನಾನು ಸೌಟು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ, ಜ್ವರದಿಂದ ಗುಳಿಗೆಯವರೆಗೆ. ಸ್ಯಾಮುವೆಲ್ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟ ವರ್ಷ ನಮ್ಮ ಸಭಾ ಡ್ರ್ಯಾಗನ್ನಿಗೆ ಆಮೆನ್ ಅಂದದಲ್ಲ!" ನಗು ನಿಂತ ಮೇಲೆ, "ಪುಸ್ತಕಕಿಂತ ಅದನ್ನ ಮುಚ್ಚಿಟ್ಟು ಓದೂದ ಕೆಟ್ಟ ಅನಸ್ತದ ನನಗ" ಅಂದು, ಸ್ಟೂಲ್ ಹತ್ತಿ ಪುಸ್ತಕ ಇಳಿಸಿದರು. ಷರತ್ತು ನಿನ್ನದೇ: ನಮ್ಮಿಬ್ಬರಿಗೂ ಕನ್ನಡದಲ್ಲಿ ಹೇಳಬೇಕು. ಜೊತೆಗೆ ನಾನು ಸೇರಿಸಿದ್ದು ಒಂದು, ಏನನ್ನೂ ಬದಲಿಸಬಾರದು.

ಮೊದಲ ಸಂಜೆಯೇ ಅವಳು ತಡವರಿಸಿದಳು. "ಡ್ರ್ಯಾಗನ್‌ಗೆ ಕನ್ನಡದಲ್ಲಿ ಏನಂತಾರೆ?" "ಘಟಸರ್ಪ" ಅಂದೆ. ಇಷ್ಟು ವರ್ಷದ ಮೇಲೆ, ಗಟ್ಟಿಯಾಗಿ. ಸ್ಯಾಮುವೆಲ್ ಹುಬ್ಬೇರಿಸಿದರು, ಆದರೆ ಕಥೆ ನಿಲ್ಲಿಸಲಿಲ್ಲ. ನಾಲ್ಕನೆಯ ಅಧ್ಯಾಯ ಬಂದಾಗ ನಾನು ಮೆಂತ್ಯ ಸೋಸುತ್ತಾ ನಿನ್ನ ಪ್ರಶ್ನೆ ಕೇಳಿದೆ, ಆ ಹುಡುಗಿ ಸುಳ್ಳು ಹೇಳುತ್ತಾಳೇನು ಅಂತ. "ಹಾಂ, ಹೇಳ್ತಾಳೆ. ಅವಳ ಮಮ್ಮಿಗೇ. ಬಟ್ ಅವಳಿಗೆ ಒಳಗೆ ಬಹಳ ಬ್ಯಾಡ್ ಆಗ್ತಾ ಇದೆ" ಅಂದಳು ಎಸ್ತೇರ್. ಎಷ್ಟು ಸಲೀಸಾಗಿ ಹೇಳಿಬಿಟ್ಟಳು, ಅವ್ವಾ! ನಾನು ನಿನಗೆ ಹಾಗೆ ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆಯಾ? ಅಥವಾ ಸೊಪ್ಪು ಬಿಟ್ಟು, "ಪಾಪ, ಯಾಕ ಹೇಳಿದ್ಳು?" ಎಂದು ಕೇಳುತ್ತಿದ್ದೆಯಾ? ನಾನು ನಿನ್ನನ್ನು ಕೇಳಿಯೇ ನೋಡಲಿಲ್ಲ. ಅದಕ್ಕೆ ನನ್ನನ್ನು ಕ್ಷಮಿಸು.

ನಿನ್ನೆ ಮೂರನೆಯ ಭಾಗ ಮುಗಿಯಿತು. ಈ ಭಾನುವಾರ ಮಾರ್ತಾ ಆಂಟಿ ತಮ್ಮ ಕ್ಲಾಸು ನನಗೆ ಬಿಟ್ಟುಕೊಟ್ಟಿದ್ದಾರೆ. ಮಕ್ಕಳ ಮುಂದೆ ನಿಂತು ಕಥೆಯನ್ನು ಸರಿಯಾಗಿ ಹೇಳುತ್ತೇನೆ, ನಾನು ಮಾಡಿದ್ದನ್ನೂ ಹೇಳುತ್ತೇನೆ. ಅದಕ್ಕಿಂತ ಮೊದಲು ನೀನು ಕೇಳು, ಎಲ್ಲರಿಗಿಂತ ಮೊದಲು ಕೇಳಬೇಕಾದವಳು ನೀನೇ. ಆ ಹುಡುಗಿ ಕೊನೆಗೆ ತಾಯಿಗೆ ನಿಜ ಹೇಳಿದಳು. ತಾಯಿ ಬೈದಳು. ಬೈಯುತ್ತಲೇ ಇನ್ನೆರಡು ರೊಟ್ಟಿ ತಟ್ಟಿ, ತಾನೇ ಬೆಟ್ಟ ಹತ್ತಿದಳು. ಆ ಪ್ರಾಣಿಗೆ ಜ್ವರ ಇರಲಿಲ್ಲ ಅವ್ವಾ, ಅದು ಬೆಂಕಿ. ಮುರಿದದ್ದು ಕಾಲಲ್ಲ, ರೆಕ್ಕೆ. ಗುಣವಾಗಿದೆ. ನೀನು ಪ್ರಾರ್ಥನೆ ಮಾಡಿದ ಮೊಸಳೆ ಹಾರಿತು.

ನಿನ್ನ ಮಗಳು,
ಸುಗುಣಾ