ಮುಖವಾಡದ ಸವಾರನ ಎಳ್ಳು-ಬೆಲ್ಲ

ಜನವರಿ ೧೧, ಭಾನುವಾರ

"ನಿಲ್ಲೋಕೆ ಹೊತ್ತಿಲ್ಲ, ಕುದುರೆಗೆ ಬಾಯಾರಿದೆ." ಹೀಗೇ ಇತ್ತೇ ಆ ಮಾತು? ಅಥವಾ 'ದಾರಿ ಇನ್ನೂ ಇದೆ' ಅಂತಲೋ? ಬೆಲ್ಲ ಹೆಚ್ಚುತ್ತ ಬೆಳಗಿನಿಂದ ಅದೇ ಯೋಚನೆ. ಚಿಕ್ಕಂದಿನಲ್ಲಿ ಮೈಸೂರಿನ ಮನೆಯಲ್ಲಿ ಅಪ್ಪ ಹೇಳುತ್ತಿದ್ದ ಕಥೆಗಳೆಲ್ಲ ಈ ಸಾಲಿನಿಂದಲೇ ಮುಗಿಯುತ್ತಿದ್ದವು. ಕರಿ ಮುಖವಾಡದ ಕೌಬಾಯ್. ಯಾರದೋ ಕಷ್ಟ ತೀರಿಸಿ, ಹೊಸ್ತಿಲ ಮೇಲೆ ಹಿಟ್ಟಿನ ಚೀಲ ಇಟ್ಟು, ಥ್ಯಾಂಕ್ಸ್ ಹೇಳುವ ಮೊದಲೇ ಹೊರಟುಬಿಡುವವನು. ಅಪ್ಪ ಅವನನ್ನು ನೋಡಿದ್ದು ಅರವತ್ತೆಂಟರಲ್ಲಿ, ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಮಾಡುವಾಗ, ಮನೆ ಒಡತಿಯ ಕಪ್ಪು-ಬಿಳುಪು ಟಿವಿಯಲ್ಲಿ. ಆಗಲೇ ಹಳೆಯದು, ಮರುಪ್ರಸಾರ. ನಾನು ನೋಡಿಯೇ ಇಲ್ಲ. ಆದರೂ ಆ ಕುದುರೆ ನನಗೆ ನಮ್ಮ ಬೀದಿಯ ಟಾಂಗಾ ಕುದುರೆಯಷ್ಟೇ ಪರಿಚಯ.

ಅಪ್ಪನನ್ನೇ ಕೇಳಿದೆ. ಕೊಬ್ಬರಿ ತುರಿಮಣೆ ಬದಿಗಿಟ್ಟು, "ಬಾಯಾರಿದೆ ಅಂತಲೇ" ಎಂದರು.

"ಕೊನೆಗೂ ನೀರು ಕುಡೀತಾ ಅದು?"

"ತೋರಿಸ್ಲಿಲ್ಲ ಕಣೇ ವಸು. ಅಷ್ಟರಲ್ಲಿ ಅಡ್ವರ್ಟೈಸ್‌ಮೆಂಟ್ ಬಂತು."

ನಿನ್ನೆ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಕನ್ನಡಿಗರ ಸಂಕ್ರಾಂತಿ ಕೂಟ, ಹಿರಿಯರ ವೇಷ ಸ್ಪರ್ಧೆ. ಉಳಿದವರೆಲ್ಲ ಋಷಿಗಳು, ಒಬ್ಬರು ಮಹಾರಾಜ. ಅಪ್ಪ ಮಾತ್ರ ಹ್ಯಾಟು, ಕೆಂಪು ಕರ್ಚೀಫು, ಮಗಳು ಇಶಾಳ ಹಳೆಯ ಹ್ಯಾಲೊವೀನ್ ವೇಷದ ಡಬ್ಬಿಯಿಂದ ಹುಡುಕಿಕೊಟ್ಟ ಕರಿ ಮುಖವಾಡ. ಮಕ್ಕಳು "ವಿಚ್ ಸೂಪರ್‌ಹೀರೋ, ತಾತ?" ಅಂದರು. ದೊಡ್ಡವರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಅಪ್ಪ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ಇವರೆಲ್ಲ ಬೆಂಗಳೂರಿನವರು. ಇವರಿಗೇನು ಗೊತ್ತು? ಟೆಕ್ಸಾಸಿನವರಿಗೆ ಗೊತ್ತಿರತ್ತೆ."

ಜನವರಿ ೧೪, ಬುಧವಾರ

ಸಂಕ್ರಾಂತಿ. ಆಫೀಸಿಗೆ ಅರ್ಧ ದಿನ ರಜ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಬೆರೆಸಿ ಜಿಪ್‌ಲಾಕ್‌ಗಳಿಗೆ ತುಂಬಿದೆ. ಒಂದೊಂದಕ್ಕೂ ಒಂದು ಸಕ್ಕರೆ ಅಚ್ಚು. ನಮ್ಮವರ ಮನೆಗಳಿಗೆ ಬೀರಿ ಬಂದದ್ದಾಯಿತು.

"ಈ ಬೀದಿಯವರಿಗೆ?" ಅಪ್ಪ ಕೇಳಿದರು.

"ಇಲ್ಲಿಯವರಿಗೆ ಪೀನಟ್ ಅಲರ್ಜಿ ಇರತ್ತೆ ಅಪ್ಪ."

"ಇಡೀ ಬೀದಿಗೇ ಇರತ್ತಾ? ಆ ಮೂಲೆಮನೆ ಟ್ರಕ್ ಯಜಮಾನರು ನನ್ನ ವಯಸ್ಸಿನೋರು. ಅವರಿಗೂ ಇರತ್ತಾ?"

ಮೂಲೆಮನೆ ಎಂದರೆ ಡೇಲ್. ನಾವು ಸೀಡರ್ ಪಾರ್ಕಿನ ಈ ಮನೆಗೆ ಬಂದಾಗಿನಿಂದ ಪರಸ್ಪರ ಕೈ ಬೀಸಿದ್ದಷ್ಟೇ. ಅದನ್ನೇ ಅಪ್ಪನಿಗೆ ಹೇಳಿದೆ. "ಹೂಂ" ಅಂದರು. ಸಂಜೆ ಹ್ಯಾಟು ಹಾಕಿಕೊಂಡು, ಬಟ್ಟೆ ಚೀಲ ಹಿಡಿದು ವಾಕಿಂಗ್ ಹೊರಟರು. ಚೀಲ ಯಾಕೆ ಎಂದು ನಾನು ಕೇಳಲಿಲ್ಲ... ಕವಿತೆ ಓದುತ್ತಿದ್ದೆ.

ಜನವರಿ ೧೬, ಶುಕ್ರವಾರ



ಇಶಾ ಸ್ಕೂಲಿನಿಂದ ಬಂದವಳೇ ಫೋನು ತೋರಿಸಿದಳು. ಈ ಏರಿಯಾದವರ ಆ್ಯಪ್. ಯಾರದೋ ಬಾಗಿಲ ಕ್ಯಾಮೆರಾದ ವಿಡಿಯೋ. ಮಬ್ಬು ಬೆಳಕು, ಹ್ಯಾಟು, ಕರಿ ಮುಖವಾಡ. ಒಬ್ಬ ಗಂಡಸು ಮೆಟ್ಟಿಲ ಮೇಲೆ ಏನೋ ಇಟ್ಟು, ಬೆಲ್ ಒತ್ತದೆ ಹೋಗುತ್ತಾನೆ.

"ಅಮ್ಮಾ, ದಟ್ಸ್ ತಾತ."

"ಮೆತ್ತಗೆ ಮಾತಾಡು."

ಕೆಳಗೆ ಕಾಮೆಂಟುಗಳು. ಬಿಳಿ ಪುಡಿ ಇದೆ, ಮುಟ್ಟಬೇಡಿ. (ಎಳ್ಳು! ಸಕ್ಕರೆ ಅಚ್ಚು!) ಯಾವ ಮನೆಯಲ್ಲಿ ಜನ ಇಲ್ಲ ಎಂದು ನೋಡಿಹೋಗುವ ಕಳ್ಳರ ಉಪಾಯ. ಪೊಲೀಸರಿಗೆ ತಿಳಿಸಿದ್ದೇನೆ. ಕೊನೆಯಲ್ಲಿ ಒಬ್ಬ — ನನ್ನ ಮನೆಗೆ ಬರಲಿ, ನಾನಂತೂ ಗುಂಡು ಹಾರಿಸುವ ಮೊದಲು ಪ್ರಶ್ನೆ ಕೇಳುವವನಲ್ಲ. ಅದಕ್ಕೆ ಎಷ್ಟೊಂದು ಲೈಕು.

ಆಫೀಸಿನಲ್ಲಿದ್ದ ಗಂಡ ಚಿದಾನಂದ್‌ಗೆ ಫೋನ್ ಮಾಡಿದೆ. "ಆ್ಯಪ್‌ನಲ್ಲಿ ಈಗಲೇ ಬರಿ. ನಮ್ಮ ತಂದೆ, ಹಬ್ಬದ ಸ್ವೀಟು ಅಂತ. ಮಾವನಿಗೂ ಹೇಳು. ತಡ ಮಾಡಬೇಡ ವಸು."

ಬರೆದೆ. ಅಳಿಸಿದೆ. ಮತ್ತೆ ಬರೆದೆ. ಬರೆದರೆ ನಮ್ಮ ಮನೆ ಯಾವುದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅಪ್ಪನದು ವಿಸಿಟರ್ ವೀಸಾ... ಅಡುಗೆಮನೆಯಲ್ಲಿ ಅವರು ಸಿಳ್ಳೆ ಹಾಕುತ್ತಿದ್ದರು. ಸಿಳ್ಳೆ ಹಾಕಿದ್ದನ್ನು ಅಮ್ಮ ಹೋದ ಮೇಲೆ ಕೇಳಿರಲಿಲ್ಲ.

ಅಳಿಸಿದೆ.

ಜನವರಿ ೧೭, ಶನಿವಾರ

ಡಾಲಸ್‌ನಿಂದ ತಮ್ಮ ಪ್ರಹ್ಲಾದ್ ಫೋನ್ ಮಾಡಿದ. ಇಶಾ ವಿಡಿಯೋ ಕಳಿಸಿದ್ದಾಳೆ.

"ಅಕ್ಕ, ಅಪ್ಪಂಗೆ ಇನ್ನೂ ಹೇಳಿಲ್ವಾ ನೀನು? ಏನಾದ್ರೂ ಆದ್ಮೇಲೆ ಹೇಳ್ತೀಯಾ? ನನ್ನ ಹತ್ರ ಕಳಿಸಿಬಿಡು."

"ಡಾಲಸ್‌ನಲ್ಲಿ ಯಾರ ಹತ್ರಾನೂ ಗನ್ ಇಲ್ವೇನೋ?"

"ನಿನ್ನ ಹತ್ರ ಮಾತಾಡೋಕಾಗಲ್ಲ. ನೀನು ಹೇಳ್ದಿದ್ರೆ ನಾನು ಹೇಳ್ತೀನಿ."

ಬೇಡ, ನಾನೇ ಹೇಳುತ್ತೇನೆ ಎಂದೆ. ಹೇಳಲು ಹೋದೆ. ಅಪ್ಪ ಹಿತ್ತಲ ಬಿಸಿಲಲ್ಲಿ ಕೂತು ಹ್ಯಾಟಿಗೆ ಬ್ರಷ್ ಹಾಕುತ್ತಿದ್ದರು. "ರಥಸಪ್ತಮಿವರೆಗೂ ಬೀರಬಹುದು ಅಲ್ವಾ? ಇನ್ನೂ ಪ್ಯಾಕೆಟ್ ಮಿಕ್ಕಿದೆ. ಯಾರು ಇಟ್ಟಿದ್ದು ಅಂತ ತಲೆ ಕೆಡಿಸ್ಕೊಂಡಿರ್ತಾರೆ ನೋಡು!" ಅಂದರು. ಎಂಬತ್ತರ ಹತ್ತಿರದ ಮುಖದಲ್ಲಿ ಅಂಥ ನಗು.

 ಹೇಳದೆ ಒಳಗೆ ಬಂದು ಮುಖವಾಡವನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ಅದಿಲ್ಲದೆ ಹೋಗಲಾರರು. ಹೋದರೂ ಬರಿ ಮುಖದಲ್ಲಿ ಹೋಗುತ್ತಾರೆ, ಏನೂ ಆಗುವುದಿಲ್ಲ. ಹೀಗಂದುಕೊಂಡೆ.

ಜನವರಿ ೧೮, ಭಾನುವಾರ, ರಾತ್ರಿ ಊಟಕ್ಕೆ ಮೊದಲು

ಕತ್ತಲಾಗುವ ಹೊತ್ತು. ಇಶಾಳನ್ನು ಕ್ಲಾಸಿನಿಂದ ಕರೆತಂದೆ. ಮನೆಯಲ್ಲಿ ಅಪ್ಪ ಇಲ್ಲ. ಮೇಜಿನ ಮೇಲೆ ಕತ್ತರಿ, ಪಕ್ಕದಲ್ಲಿ ಕತ್ತರಿಸಿದ ಹಳೇ ಛತ್ರಿ. ಕಣ್ಣಿನ ತೂತಿಗೆಂದು ಕತ್ತರಿಸಿದ ಎರಡು ಕರಿ ಬಟ್ಟೆ ತುಣುಕುಗಳು ಕೆಳಗೆ ಬಿದ್ದಿದ್ದವು.

ಕಾರು ತೆಗೆದೆ. ಹಾರ್ನ್ ಮಾಡಲು ಭಯ, ಕೂಗಿ ಕರೆಯಲು ಭಯ. ಮೂಲೆಮನೆಯ ಡ್ರೈವ್‌ವೇ ಮುಂದೆ ಸಿಕ್ಕರು. ಮುಖವಾಡ ಹಣೆಗೇರಿಸಿದ್ದರು. ಏದುಸಿರು. "ಟ್ರಕ್ ಯಜಮಾನರಿಗೂ ಇಟ್ಟೆ!"

"ಹತ್ತಿ ಅಪ್ಪ. ಹತ್ತಿ ಮೊದಲು."

ಕಾರಲ್ಲೇ ಹೇಳಿದೆ. ವಿಡಿಯೋ, ಪುಡಿ, ಪೊಲೀಸು, ಪ್ರಶ್ನೆ ಕೇಳದವನು — ಒಂದೂ ಬಿಡದೆ. ಮೆತ್ತಗೆ ಹೇಳಬೇಕೆಂದಿದ್ದೆ. ಕಿರುಚಿದೆ.

"ಹೆದರಿದ್ರಾ?" ಎಂದರು. "ನನಗಾ?"

ನಗಲು ನೋಡಿದರು. ಆಗಲಿಲ್ಲ. ಮುಖವಾಡ ಬಿಚ್ಚಿ ಮಡಚಿ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದು ಬರೆದೆ, ಈ ಸಲ ಅಳಿಸಲಿಲ್ಲ. ಅಪ್ಪನ ಫೋಟೋ, ನನ್ನ ಹೆಸರು, ಮನೆ ನಂಬರು, ಕ್ಷಮೆ. ಪ್ಯಾಕೆಟ್ಟಿನಲ್ಲಿ ಏನೇನಿದೆ ಎಂದೂ. ಕಡಲೆಬೀಜ ಅಂತ ಒತ್ತಿ ಬರೆದೆ.

ಜನವರಿ ೧೯, ಸೋಮವಾರ

ಹೃದಯದ ಚಿಹ್ನೆಗಳು, ನಗುವ ಮುಖಗಳು. "ಸೋ ಸ್ವೀಟ್." ಒಬ್ಬಳು, ಇನ್ನೂ ಇದ್ದರೆ ನಮಗೂ ಕೊಡಿ ಅಂದಿದ್ದಾಳೆ. ಪ್ರಶ್ನೆ ಕೇಳದವನು ಏನೂ ಬರೆದಿಲ್ಲ.

ಅಪ್ಪನಿಗೆ ಓದಿ ಹೇಳಿದೆ. ತಲೆಯಾಡಿಸಿದರು. ತಿಂಡಿ ಮುಟ್ಟಲಿಲ್ಲ. ಮಧ್ಯಾಹ್ನ ಕೇಳಿದರು, "ನನ್ನ ಟಿಕೆಟ್ಟು ಯಾವಾಗಿಗೆ? ಮುಂಚೆ ಮಾಡ್ಸೋಕಾಗತ್ತಾ?"

"ಯಾಕಪ್ಪ, ಎಲ್ಲ ಸರಿಹೋಯ್ತಲ್ಲ."

"ಅರವತ್ತೆಂಟರಲ್ಲಿ ನನ್ನ ಬರಿ ಮುಖ ನೋಡಿ ರೂಮಿಲ್ಲ ಅಂತಿದ್ರು ಕಣೇ. ಬೋರ್ಡ್ ನೇತಾಡ್ತಿರೋದು ಹೊರಗೆ, ರೂಮಿದೆ ಅಂತ. ಕೊನೆಗೆ ಆ ಮನೆ ಒಡತಿ ಮುದುಕಿ ಒಬ್ಬಳೇ ಕೊಟ್ಲು. ಅವಳ ಸೋಫಾದಲ್ಲಿ ಕೂತು ನೋಡ್ತಿದ್ದೆ. ಟಿವೀಲಿ, ಮುಖ ಮುಚ್ಕೊಂಡು ಬಂದೋನಿಗೆ ಬಾಗಿಲು ತೆಗೆದು ಊಟ ಹಾಕೋರು. ಅದಕ್ಕೇ ಅವನು ಇಷ್ಟ ಆಗಿದ್ದು."

ಈ ಭಾಗವನ್ನು ಕಥೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ನನಗೆ ಕುದುರೆ ಕೊಟ್ಟರು, ಹಿಟ್ಟಿನ ಚೀಲ ಕೊಟ್ಟರು. ಮುಚ್ಚಿದ ಬಾಗಿಲುಗಳನ್ನು ತಾವೇ ಇಟ್ಟುಕೊಂಡರು. ಇಷ್ಟು ಕವಿತೆ ಓದಿದವಳು, ಯಾಕೆ ಅದೇ ಕಥೆ ಮತ್ತೆ ಮತ್ತೆ ಎಂದು ಒಮ್ಮೆಯೂ ಕೇಳಲಿಲ್ಲ.

ಏರ್‌ಲೈನಿಗೆ ಇನ್ನೂ ಫೋನ್ ಮಾಡಿಲ್ಲ.

ಜನವರಿ ೨೦, ಮಂಗಳವಾರ, ಮಧ್ಯಾಹ್ನ

ಅಪ್ಪ ಮಲಗಿದ್ದರು. ಬೆಲ್ ಆಯಿತು. ಡೇಲ್. ಕ್ಯಾಪ್ ಕೈಯಲ್ಲಿ ಹಿಡಿದಿದ್ದ. ಇಷ್ಟು ಹತ್ತಿರದಿಂದ ಅವನನ್ನು ನೋಡಿದ್ದು ಇದೇ ಮೊದಲು, ತುಂಬ ವಯಸ್ಸಾಗಿದೆ. ಒಳಗೆ ಬನ್ನಿ ಎಂದೆ, ಬರಲಿಲ್ಲ. ಅಪ್ಪನನ್ನು ಎಬ್ಬಿಸಲೇ ಎಂದೆ. ಬೇಡ, ಇದು ಅವರಿಗೆ ಹೇಳುವ ಮಾತಲ್ಲ, ನಿಮಗೆ ಎಂದ.

ಆ ಆ್ಯಪ್ ಎಲ್ಲ ತಾನು ನೋಡುವುದಿಲ್ಲ ಅಂದ. ನಿಮ್ಮ ಕಾರು ಬಂದು ಅವರನ್ನು ಹತ್ತಿಸಿಕೊಂಡದ್ದನ್ನು ಕಿಟಕಿಯಿಂದ ನೋಡಿದೆ, ಅದಕ್ಕೇ ಬಂದೆ ಎಂದ. ಆಮೇಲೆ ನನ್ನ ಮುಖ ನೋಡದೆ, ಹೊಸ್ತಿಲನ್ನೇ ನೋಡುತ್ತ ಹೇಳಿದ:

"ಚಿಕ್ಕವನಿದ್ದಾಗ ಆ ಮುಖವಾಡದ ಸವಾರನ ಶೋ ನಾನೂ ನೋಡಿದ್ದೇನೆ, ಮ್ಯಾಮ್. ಒಂದು ವಾರವೂ ಬಿಟ್ಟವನಲ್ಲ. ಆದರೆ ಭಾನುವಾರ ಕಿಟಕಿಯ ಹಿಂದೆ ಗನ್ ಹಿಡಿದು ನಿಂತಾಗ ಅದು ನೆನಪಿಗೇ ಬರಲಿಲ್ಲ. ಅವರು ಪ್ಯಾಕೆಟ್ ಇಡಲು ಬಗ್ಗಿದರು. ಬಗ್ಗಿದವರಿಗೆ ಏಳಲಾಗಲಿಲ್ಲ. ಕಂಬ ಹಿಡಿದುಕೊಂಡು ಸುಮಾರು ಹೊತ್ತು ಹಾಗೇ ಇದ್ದರು. ನನ್ನ ಸೊಂಟವೂ ಹಾಗೇ ಹಿಡಿದುಕೊಳ್ಳುತ್ತದೆ. ಅವರು ಬೇಗ ಎದ್ದುಬಿಟ್ಟಿದ್ದರೆ, ಮ್ಯಾಮ್..."