ತಟ್ಟೆ ಬಡಿದರೆ ಬರುವವಳು

ಕೋಲ್ಟರ್ ಕ್ರೀಕ್
ನವೆಂಬರ್ ೧೨

ಎಲ್ಡನ್,

ಪ್ರಿಯ ಅಂತ ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ನಿನ್ನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ ಎಂದು ನರ್ಸ್ ಫೋನಿನಲ್ಲಿ ಹೇಳಿದಳು. ಸಂತೋಷ.

ನನ್ನನ್ನು ಬಿಟ್ಟು ಗುಡ್ಡದ ಮೇಲಿನ ಮರದ ಮನೆ ಸೇರಿದ ಮೇಲೆ ನೀನು ನನ್ನಲ್ಲಿ ಕೇಳಿದ್ದು ಒಂದೇ ಉಪಕಾರ, ಆಸ್ಪತ್ರೆಯಿಂದ ಬರುವವರೆಗೆ ಪರ್ಲ್‌ಗೆ ಊಟ ಹಾಕು ಅಂತ. ನಿನಗೆ ಊಟ ಆಯ್ತಾ ಅಂತ ನನ್ನನ್ನು ಕೇಳಲಿಲ್ಲ, ಬಿಡು. ದಿನಾ ಗುಡ್ಡ ಹತ್ತಿ, ತಟ್ಟೆ ಬಡಿದು, ನಿನ್ನ ಆ ಮೋಟುಬಾಲದ ಕಾಡುಬೆಕ್ಕು, ಬಾಬ್‌ಕ್ಯಾಟ್ ಮಹಾರಾಣಿಗೆ ಕೋಳಿಮಾಂಸ ಬಡಿಸಿದೆ.

ಬಾಬ್‌ಕ್ಯಾಟ್ ಬೇಟೆಗೆ ಅನುಮತಿ ಕೊಡಬೇಕೋ ಬೇಡವೋ ಅಂತ ಶಾಲೆಯಲ್ಲಿ ಸಭೆ ಕರೆದ ದಿನ ನೀನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಕಾಡಿನ ಟರ್ಕಿ ಕೋಳಿಗಳೆಲ್ಲ ಇವುಗಳ ಹೊಟ್ಟೆ ಸೇರಿದವು ಅಂತ ಬೇಟೆಗಾರ ರಸ್ಟಿ ಗೊಣಗಿದ. ಮೊದಲು ಎಷ್ಟಿವೆ ಅಂತಾದರೂ ನೋಡ್ರಪ್ಪ ಎಂದು ಕಾಲೇಜಿನ ಹುಡುಗಿ ರೇಗಿದಳು. ನೀನು ಎದ್ದು ನಿಂತು, "ಪಾಪದ ಪ್ರಾಣಿ ಕಣ್ರಯ್ಯಾ! ನನ್ನ ಹಿತ್ತಲಲ್ಲಿ ತಟ್ಟೆ ಬಡಿದ್ರೆ ಸಾಕು, ಕೈಗೆ ಸಿಗೋ ಹಾಗೆ ಬರ್ತಾಳೆ. ನನ್ ಹೆಂಡ್ತಿ ಇಷ್ಟು ವರ್ಷದಲ್ಲಿ ಒಂದ್ ಸಲಾನಾದ್ರೂ ಕರೆದ ತಕ್ಷಣ ಬಂದಿದ್ಲಾ?" ಅಂದೆ. ಊರಿಗೆ ಊರೇ ನಕ್ಕಿತು. ನಾನು ಅಲ್ಲೇ ಕೂತಿದ್ದೆ, ಎಲ್ಡನ್.

ಅನುಮತಿ ಸಿಕ್ಕಿತು. ಶನಿವಾರದಿಂದ ಬೇಟೆ. ನಿನ್ನೆ ಅಂಗಡಿಯಲ್ಲಿ ರಸ್ಟಿ ಹೊಸ ತಗಡಿನ ತಟ್ಟೆ ಕೊಂಡು, ನನ್ನ ಮುಖದೆದುರೇ ಅದನ್ನು ಬಡಿದು, "ಬೋನು ಯಾಕಮ್ಮಾ ದಂಡಕ್ಕೆ? ನಿಮ್ ಯಜಮಾನ್ರೇ ಎಲ್ಲಾ ಹೇಳ್ಕೊಟ್ಟಿದಾರಲ್ಲ!" ಅಂದ. ಪರ್ಲ್‌ಳನ್ನು ಕೊಲ್ಲುವ ದಾರಿಯನ್ನು ನೀನೇ ಡಂಗುರ ಸಾರಿದ್ದೀಯ, ದಡ್ಡ ಶಿಖಾಮಣಿ.

ಇವತ್ತು ಬೆಳಿಗ್ಗೆ ತಟ್ಟೆ ಬಡಿದೆ. ಬಂದಳು, ನನ್ನ ಬೂಟು ಮೂಸಿದಳು. ಮಾಂಸದ ಬದಲು ಕಲ್ಲು ಬೀಸಿದೆ. ಬೆನ್ನಿಗೆ ಬಿತ್ತು. ಎಳೆಮಗುವಿನ ಹಾಗೆ ಕಿರುಚಿ ಓಡಿದಳು. ಇನ್ನು ಆ ಸದ್ದು ಕೇಳಿದರೆ ಗುಡ್ಡ ದಾಟಿ ಹೋಗುತ್ತಾಳೆ. ರಸ್ಟಿ ಬಡಿದರೂ ಅಷ್ಟೇ, ನೀನು ಬಡಿದರೂ ಅಷ್ಟೇ. ಬದುಕಿಕೊಳ್ಳುತ್ತಾಳೆ, ಆದರೆ ನಿನ್ನ ಹತ್ತಿರ ಸುಳಿಯುವುದಿಲ್ಲ. ಬೇರೆ ದಾರಿ ಇರಲಿಲ್ಲ. ಮಾತ್ರೆ ಸರಿಯಾಗಿ ನುಂಗು.

ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿಯಾಗಿರುವ,
ವಿಲ್ಮಾ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಒಂದು ಕಲ್ಲು ಸಾಕಿತ್ತು. ಓಡಿದವಳು ಬೇಲಿಯ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಳು. ನಾನು ಹತ್ತಿರ ಹೋಗಿ, ಕೈ ಸೋಲುವವರೆಗೆ ಕಲ್ಲಿನಿಂದ ಹೊಡೆದೆ. ನುಸುಳಿ ಓಡುವಷ್ಟರಲ್ಲಿ ಅವಳ ಒಂದು ಕಣ್ಣು ಹೋಗಿತ್ತು. ಹೊಡೆಯುವಾಗ ನಿನ್ನ ಹೆಸರು ಹಿಡಿದು ಕೂಗುತ್ತಿದ್ದೆ.