ನಾನು ಆರಿಸಿ ಕೊಟ್ಟ ಮರಿ

18-11-2025, ಮಂಗಳವಾರ

ಮೂಗಮ್ಮ ಇವತ್ತು ಎಲ್ಲರೆದುರು ನನ್ನನ್ನು ಹೊಗಳಿದಳು. ಅದೇ ಕೊರೆಯುತ್ತಿದೆ.

ರಾಂಪುರದ ಬಸ್ಸಿಗೆ ಕಾಯುತ್ತಾ ಹೆಂಗಸರು ಸರ್ಕಾರ ಕೊಡುವ ಎರಡು ಸಾವಿರದ ಮಾತು ತೆಗೆದರು. "ಬಿಟ್ಟಿ ತಿಂದೂ ತಿಂದೂ ಜನಕ್ಕೆ ಸೊಂಟ ಬಗ್ಗಲ್ಲ, ಕಟ್ಟಿ ಮೇಯಿಸಿದ ಹೋತ ಆಗ್ಯಾರೆ" ಅಂದೆ.

"ಹಂಗನ್ನಬ್ಯಾಡ ಸೂರಮ್ಮಕ್ಕ," ಅಂದಳು ಮೂಗಮ್ಮ. "ನನ್ನ ಕುರಿಯೆಲ್ಲ ಸತ್ತಾಗ ಹಟ್ಟಿಯೋರು ಮನೆಗೊಂದು ಮರಿ ಕೊಡಲಿಲ್ವಾ? ಮೊದ್ಲು ತಂದೋಳು ನೀನೇ. ಅವು ಉಳೀಲಿಲ್ಲ, ಅದು ನನ್ನ ಹಣೆಬರ."

ಹಣೆಬರಹವಲ್ಲ. ಕುರಿ ಕಳಕೊಂಡವರಿಗೆ ಮನೆಗೊಂದು ಹೆಣ್ಣುಮರಿ ಕೊಡುವುದು ನಮ್ಮ ಹಟ್ಟಿಯ ಪದ್ಧತಿ. ನನಗೆ ಒಳ್ಳೆಯದನ್ನು ಕೊಡಲು ಮನಸ್ಸಾಗಲಿಲ್ಲ. ಕೆಮ್ಮುತ್ತಿದ್ದುದನ್ನೇ ಆರಿಸಿ, ಅದರ ಮೂಗು ಒರೆಸಿ ಹೊತ್ತೊಯ್ದೆ. ಇಸಕೊಳ್ಳುವ ಕೈಗೆ ಯಾವುದಾದರೇನು ಅಂದುಕೊಂಡೆ. ತಿಂಗಳೊಳಗೆ ಅವಳ ದೊಡ್ಡಿಯ ಹನ್ನೊಂದು ಮರಿಗಳೂ ಕೆಮ್ಮಿ ಕೆಮ್ಮಿ ಸತ್ತವು. ಅಂದಿನಿಂದ ಅವಳು ಕೂಲಿಗೆ ಹೋಗುತ್ತಾಳೆ. ನಾನು ಮಾತ್ರ, ನಮ್ಮ ದೊಡ್ಡಿಯಲ್ಲಿ ಯಾವ ಕುರಿ ಕೆಮ್ಮಿದರೂ ಎದ್ದು ಕೂರುತ್ತೇನೆ.

ಬೆಳಗ್ಗೆ ಚೆನ್ನಾಗಿರುವ ಹೆಣ್ಣುಮರಿಯೊಂದನ್ನು ಅವಳ ಬಾಗಿಲಿಗೆ ಒಯ್ಯಬೇಕು. ಸುಮ್ಮನೆ ಕೊಟ್ಟರೆ ಅದೂ ದಾನವೇ ಆಗಿಬಿಡುತ್ತದೆ. ಹೇಳಿಯೇ ಕೊಡಬೇಕು. ಹೇಳಿದ ಮೇಲೆ ಅವಳು ಇಸಕೊಳ್ಳದಿದ್ದರೆ, ಆ ಮರಿಯನ್ನು ಹಟ್ಟಿಯ ನಡುವೆ ವಾಪಸ್ಸು ಹೇಗೆ ಹೊತ್ತು ತರಲಿ?